ಟೆಲಿಟೆಕ್ಸ್ಟ್ ಪುಟದ ಗದ್ಯ: ಕೆಲವು ವಿಚಾರಗಳು

೧

ಸಾಹಿತ್ಯವಿಮರ್ಶೆಯು ಕಾವ್ಯ, ನಾಟಕ, ಕಾದಂಬರಿಗಳ ಕಡೆಗೆ ಮುಖಮಾಡಿ, ಶಾಸನ, ಕೈಫಿಯತ್ತು, ಕಡತ ಮೊದಲಾದ ವ್ಯವಹಾರದ ಬರಹಗಳನ್ನು ಇತಿಹಾಸಕಾರರಿಗೆ ಬಿಟ್ಟುಕೊಡುವುದು ವಾಡಿಕೆ. ಆದರೆ ಕನ್ನಡ ಗದ್ಯದ ಬೆಳವಣಿಗೆಯನ್ನು ಬಲ್ಲವರು ಈ ವಿಭಜನೆಯನ್ನು ಪೂರ್ಣವಾಗಿ ಒಪ್ಪಲಾರರು. ಕಲ್ಲಿನ ಅಗಲ, ಕಂಡರಿಸುವವನ ಶ್ರಮ, ಹೇಳಲೇಬೇಕಾದ ದಾನದ ವಿವರ ಎಂಬ ಈ ಮೂರು ನಿರ್ಬಂಧಗಳಿಗೆ ಒಳಪಟ್ಟೇ ನಮ್ಮ ಶಾಸನಗದ್ಯವು ತನಗೆ ವಿಶಿಷ್ಟವಾದ ಬಿಗಿಯನ್ನು ಪಡೆಯಿತು. ಬರಹವು ಯಾವುದರ ಮೇಲೆ ಮೂಡುತ್ತದೆಯೋ ಆ ವಸ್ತುವಿನ ಗುಣವು ಬರಹದ ಗುಣವನ್ನೂ ಒಂದು ಮಟ್ಟಿಗೆ ನಿರ್ಣಯಿಸುತ್ತದೆಂಬುದು ಇದರಿಂದ ಸ್ಪಷ್ಟ.

ಇದೇ ದೃಷ್ಟಿಯಿಂದ, ಟೆಲಿವಿಷನ್ ಸಂಕೇತದೊಡನೆ ಬಿತ್ತರವಾಗುವ ಅಕ್ಷರರೂಪದ ವಾರ್ತಾಸೇವೆಯನ್ನು, ಎಂದರೆ ಟೆಲಿಟೆಕ್ಸ್ಟನ್ನು, ನಾವು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ನಮ್ಮ ಮುಖ್ಯ ನಿದರ್ಶನ ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು ೧೯೭೪ರಿಂದ ೨೦೧೨ರ ವರೆಗೆ ನಡೆಸಿದ 'ಸೀಫ್ಯಾಕ್ಸ್' ಸೇವೆ. ಈ ಬಗೆಯ ಸೇವೆಯ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇದು ಇಂಟರ್ನೆಟ್ಟಿಗೆ ಮುಂಚೆ ಬಂದ ಅಪಕ್ವ ಪ್ರಯತ್ನ, ಉತ್ತಮವಾದದ್ದು ಬಂದೊಡನೆ ಸಹಜವಾಗಿಯೇ ಮರೆಯಾಯಿತು ಎಂಬುದು ಒಂದು. ಇದು ಬಾಲ್ಯದ ನೆನಪುಗಳಿಗೆ ಅಂಟಿಕೊಂಡಿರುವ, ಬಣ್ಣದ ಚೌಕಗಳ ಒಂದು ಮುದ್ದಾದ ಹಳೆಯ ವಸ್ತು ಎಂಬುದು ಇನ್ನೊಂದು. ಮೊದಲನೆಯದು ತಿರಸ್ಕಾರ, ಎರಡನೆಯದು ಮೋಹ. ಎರಡರಲ್ಲಿಯೂ ಪುಟದಲ್ಲಿ ಬರೆದದ್ದೇನು, ಹೇಗೆ ಬರೆದರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಟೆಲಿಟೆಕ್ಸ್ಟ್ ಪುಟದ ಗುಣಗಳೂ ದೋಷಗಳೂ ಒಂದೇ ಮೂಲದಿಂದ, ಎಂದರೆ ಸ್ಥಳದ ಮಿತಿ ಮತ್ತು ಆವರ್ತನೆ ಎಂಬ ಎರಡು ನಿಯಮಗಳಿಂದ, ಹುಟ್ಟಿದವು. ಆದ್ದರಿಂದ ಒಂದನ್ನು ಹೊಗಳಿ ಇನ್ನೊಂದನ್ನು ಮರೆಯುವುದು ಸಾಧುವಲ್ಲ ಎಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

೨

ಮೊದಲು ಪುಟದ ರಚನೆಯನ್ನು ತಿಳಿಯಬೇಕು. ೬೨೫ ಗೆರೆಗಳ ಟೆಲಿವಿಷನ್ ಪದ್ಧತಿಯಲ್ಲಿ ಚಿತ್ರವು ತೆರೆಯ ಮೇಲೆ ಗೆರೆಗೆರೆಯಾಗಿ ಮೂಡುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಎಲೆಕ್ಟ್ರಾನ್ ಕಿರಣವು ಸೆಕೆಂಡಿಗೆ ೫೦ ಸಲ ತೆರೆಯನ್ನು ಮೇಲಿನಿಂದ ಕೆಳಕ್ಕೆ ಸವರಿ, ಪ್ರತಿಸಲವೂ ಮೇಲಕ್ಕೆ ಮರಳಬೇಕಾಗಿತ್ತು. ಹಾಗೆ ಮರಳುವ ಅಲ್ಪಕಾಲಕ್ಕೆಂದು ಚಿತ್ರವಿಲ್ಲದ ಕೆಲವು ಗೆರೆಗಳನ್ನು ಸಂಕೇತದಲ್ಲಿ ಬರಿದಾಗಿ ಬಿಟ್ಟಿರುತ್ತಿದ್ದರು. ಕಿವಿ ಕೇಳಿಸದ ಪ್ರೇಕ್ಷಕರಿಗೆ ಕಾರ್ಯಕ್ರಮದ ಮಾತುಗಳನ್ನು ಅಕ್ಷರದಲ್ಲಿ ಒದಗಿಸುವ ಉಪಾಯವನ್ನು ಹುಡುಕುತ್ತಿದ್ದ ಬಿ.ಬಿ.ಸಿ.ಯ ಎಂಜಿನಿಯರುಗಳು ಈ ಬರಿಯ ಗೆರೆಗಳಲ್ಲಿ ಅಕ್ಷರಗಳ ಸಂಕೇತವನ್ನು ತುಂಬಿ ಕಳುಹಿಸಬಹುದೆಂದು ಕಂಡರು. ೧೯೭೨ರಲ್ಲಿ ಈ ವಿಚಾರವನ್ನು ಪ್ರಕಟಿಸಲಾಯಿತು. ೧೯೭೪ನೆಯ ಸೆಪ್ಟೆಂಬರ್ ೨೩ರಂದು ಮೂವತ್ತು ಪುಟಗಳೊಡನೆ ಸೇವೆ ಪ್ರಾರಂಭವಾಯಿತು. ಕಾಲಿನ್ ಮೆಕಿಂಟೈರ್ ಅದರ ಮೊದಲ ಸಂಪಾದಕರು. ಖಾಸಗಿ ಟೆಲಿವಿಷನ್ನಿನ ಕಡೆಯಿಂದ 'ಆರಕಲ್' ಎಂಬ ಪ್ರತಿಸ್ಪರ್ಧಿ ಸೇವೆಯೂ ಹುಟ್ಟಿತು. ಒಂದರ ಹೆಸರಿನಲ್ಲಿ 'ಸಂಗತಿಗಳನ್ನು ನೋಡಿ' ಎಂಬ ಇಂಗ್ಲಿಷ್ ಮಾತಿನ ಧ್ವನಿಯಿದೆ. ಇನ್ನೊಂದರ ಅರ್ಥ ದೈವವಾಣಿ. ಹೆಸರುಗಳು ಹೀಗೆ ದೂರದೂರವಾಗಿದ್ದರೂ ಪುಟದ ಅಳತೆ ಒಂದೇ ಆಯಿತು. ಎರಡು ಪಕ್ಷಗಳೂ ಸೇರಿ ಒಪ್ಪಿದ ಸಮಾನ ಪದ್ಧತಿ ೧೯೭೬ರ ಹೊತ್ತಿಗೆ ಸ್ಥಿರವಾಯಿತು.

ಆ ಅಳತೆ ಹೀಗಿದೆ. ಚದುರಂಗದ ಹಲಗೆಯಂತೆ ಪುಟವನ್ನು ಮನೆಗಳಾಗಿ ವಿಭಾಗಿಸಲಾಗಿದೆ: ೨೪ ಸಾಲುಗಳು, ಸಾಲಿಗೆ ೪೦ ಮನೆಗಳು, ಒಟ್ಟು ೯೬೦. ಒಂದು ಮನೆಗೆ ಒಂದೇ ಅಕ್ಷರ. ಕಪ್ಪನ್ನು ಬಿಟ್ಟರೆ ಏಳು ಬಣ್ಣಗಳು. ಅಕ್ಷರದ ಬಣ್ಣವನ್ನು ಬದಲಾಯಿಸುವ ಆಜ್ಞೆಯೂ ಒಂದು ಮನೆಯನ್ನು ಆಕ್ರಮಿಸುತ್ತದೆ. ಆ ಮನೆ ಸಾಮಾನ್ಯವಾಗಿ ಬರಿದಾಗಿ ಕಾಣುತ್ತದೆ. ದಪ್ಪ ತಲೆಬರಹಕ್ಕೆ ಎರಡು ಸಾಲು ಬೇಕು. ಮೇಲಿನ ಸಾಲಿನಲ್ಲಿ ಪುಟದ ಸಂಖ್ಯೆ, ಸೇವೆಯ ಹೆಸರು, ತಾರೀಖು, ಗಡಿಯಾರ. ಇವೆಲ್ಲ ಕಳೆದು ವಾರ್ತೆಗೆ ಉಳಿಯುವುದು ಇಂಗ್ಲಿಷಿನಲ್ಲಿ ಸುಮಾರು ನೂರು ಮಾತುಗಳ ಅವಕಾಶ.

ಎರಡನೆಯ ನಿಯಮ ಆವರ್ತನೆಯದು. ಓದುಗನು ಕೇಳಿದ ಪುಟವನ್ನು ಕೇಂದ್ರವು ಕಳುಹಿಸುವುದಿಲ್ಲ. ಎಲ್ಲ ಪುಟಗಳೂ ಒಂದಾದಮೇಲೊಂದು ಸುತ್ತುಸುತ್ತಾಗಿ ಎಲ್ಲರಿಗೂ ಬಿತ್ತರವಾಗುತ್ತಲೇ ಇರುತ್ತವೆ. ಓದುಗನು ಮೂರು ಅಂಕೆಗಳನ್ನು ಒತ್ತಿದಾಗ ಅವನ ಪೆಟ್ಟಿಗೆಯು ಆ ಪುಟ ಬರುವ ವರೆಗೆ ಕಾದು ಅದನ್ನು ಹಿಡಿದು ತೋರಿಸುತ್ತದೆ. ಸೆಕೆಂಡಿನ ೫೦ ಸುತ್ತುಗಳಲ್ಲಿ ಸುತ್ತಿಗೆ ಎರಡು ಗೆರೆಗಳಂತೆ ಬಳಸಿದರೆ ಸೆಕೆಂಡಿಗೆ ೧೦೦ ಸಾಲುಗಳು, ಎಂದರೆ ನಾಲ್ಕು ಪುಟಗಳಿಗೆ ತುಸು ಹೆಚ್ಚು, ಸಾಗುತ್ತವೆ. ನೂರು ಪುಟಗಳು ಒಮ್ಮೆ ಸುತ್ತಿಬರಲು ಸುಮಾರು ೨೫ ಸೆಕೆಂಡು ಬೇಕು. ಓದುಗನ ಕಾಯುವಿಕೆ ಸರಾಸರಿ ಅದರ ಅರ್ಧ. ಮುಂದೆ ಹೆಚ್ಚು ಗೆರೆಗಳನ್ನು ಬಳಸಿಕೊಂಡರು. ಪುಟಗಳನ್ನು ಕೂಡಿಟ್ಟುಕೊಳ್ಳುವ ಪೆಟ್ಟಿಗೆಗಳೂ ಬಂದವು. ಆದರೆ ತತ್ತ್ವ ಬದಲಾಗಲಿಲ್ಲ.

ಈ ಲೆಕ್ಕವು ವಿಮರ್ಶಕನಿಗೆ ಅಪ್ರಸ್ತುತವಲ್ಲ. ಒಂದು ಪುಟವನ್ನು ಹೊಸದಾಗಿ ಸೇರಿಸುವುದೆಂದರೆ ಸಮಸ್ತ ಓದುಗರ ಕಾಯುವಿಕೆಯನ್ನು ಅಷ್ಟರಮಟ್ಟಿಗೆ ಹೆಚ್ಚಿಸುವುದೆಂದೇ ಅರ್ಥ. ಅನುಕ್ರಮಣಿಕೆಯಂಥ ಮುಖ್ಯ ಪುಟವನ್ನು ಒಂದೇ ಸುತ್ತಿನಲ್ಲಿ ಎರಡು ಮೂರು ಸಲ ಕಳುಹಿಸಿದರೆ ಉಳಿದವು ಅಷ್ಟು ಹಿಂದೆ ಬೀಳುತ್ತವೆ. ಹೀಗಾಗಿ 'ಇದು ಪ್ರಕಟಣೆಗೆ ಅರ್ಹವೆ?' ಎಂಬ ಪ್ರಶ್ನೆ ಇಲ್ಲಿ ಕೇವಲ ರುಚಿಯ ಪ್ರಶ್ನೆಯಾಗಿರಲಿಲ್ಲ. ಅನ್ಯರ ಕಾಲವನ್ನು ಕುರಿತ ಪ್ರಶ್ನೆಯೂ ಆಗಿತ್ತು. ಬರಹಗಾರನ ಮಾತಿಗೆ ಇಷ್ಟು ಪ್ರತ್ಯಕ್ಷವಾದ ಬೆಲೆಯನ್ನು ಕಟ್ಟಿದ ಮಾಧ್ಯಮಗಳು ವಿರಳ.

೩

ಇನ್ನು ಗದ್ಯದ ವಿಚಾರ. ಸೀಫ್ಯಾಕ್ಸಿನ ವಾರ್ತಾಪುಟವು ಪ್ರಾಯಿಕವಾಗಿ ಒಂದು ತಲೆಬರಹ ಮತ್ತು ನಾಲ್ಕು ಪುಟ್ಟ ಕಂಡಿಕೆಗಳಿಂದ ಕೂಡಿರುತ್ತಿತ್ತು. ಮೊದಲನೆಯದರಲ್ಲಿ ಸಂಗತಿಯ ಸಾರ. ಎರಡನೆಯದರಲ್ಲಿ ಅದರ ಆಧಾರ ಅಥವಾ ವಿವರ. ಮೂರನೆಯದರಲ್ಲಿ ಎದುರು ಪಕ್ಷದ ಮಾತು. ನಾಲ್ಕನೆಯದರಲ್ಲಿ ಹಿನ್ನೆಲೆ ಅಥವಾ ಮುಂದಿನ ಹೆಜ್ಜೆ. ಎಲ್ಲ ಪುಟಗಳೂ ಈ ಕ್ರಮವನ್ನೇ ಅನುಸರಿಸಿದುವೆಂದು ನಾವು ಹೇಳುವುದಿಲ್ಲ. ಆದರೆ ಅತಿಕಡಮೆ ಸ್ಥಳದಲ್ಲಿ ವಾರ್ತೆಯನ್ನು ಅಪೂರ್ಣವೆನಿಸದಂತೆ ಹೇಳಬೇಕಾದವನು ತಾನಾಗಿಯೇ ಮುಟ್ಟುವ ಕ್ರಮವಿದು. ಪತ್ರಿಕೆಯ ವರದಿಗಾರನು ಕಡೆಯ ಕಂಡಿಕೆಗಳನ್ನು ಸಂಪಾದಕನು ಕತ್ತರಿಸಬಹುದೆಂದು ತಿಳಿದು ಬರೆಯುತ್ತಾನೆ. ಆದ್ದರಿಂದ ಅವನ ಬರಹವು ಕೊನೆಗೆ ಬಂದಂತೆ ಸಡಿಲವಾಗುತ್ತದೆ. ಟೆಲಿಟೆಕ್ಸ್ಟ್ ಬರಹಗಾರನಿಗಾದರೋ ಕತ್ತರಿಸುವ ಸಂಪಾದಕನು ಪುಟವೇ ಆಗಿದ್ದಾನೆ. ಕೊನೆಯ ಸಾಲು ಎಲ್ಲಿ ಬರುವುದೆಂದು ಅವನಿಗೆ ಮೊದಲೇ ಗೊತ್ತು. ಆ ಸಾಲಿನಲ್ಲಿ ಮಾತು ಮುಗಿಯಬೇಕು.

ನಮ್ಮ ಛಂದಸ್ಸಿನಲ್ಲಿ ಇದಕ್ಕೆ ಹತ್ತಿರದ ಒಂದು ನಿದರ್ಶನವಿದೆ. ಕಂದಪದ್ಯದ ನಾಲ್ಕು ಪಾದಗಳಿಗೆ ೧೨, ೨೦, ೧೨, ೨೦ ಎಂಬಂತೆ ಒಟ್ಟು ೬೪ ಮಾತ್ರೆಗಳು. ಕವಿಯು ಈ ಅಳತೆಯನ್ನು ಹಿಗ್ಗಿಸಲಾರ. ಸಮರ್ಥನಾದರೆ ಅದರೊಳಗೆ ಒಂದು ಪೂರ್ಣ ಭಾವವನ್ನು ನಿಲ್ಲಿಸಬಲ್ಲ. ಆದರೆ ಚಿತ್ರಕವಿತ್ವದ ಬಂಧಗಳಲ್ಲಿ ನಿರ್ಬಂಧವು ಓದುಗನ ಕಣ್ಣಿಗೆ ಬೀಳುವುದಕ್ಕಾಗಿಯೇ ಇರುತ್ತದೆ. ಅಲ್ಲಿ ಮೆಚ್ಚುಗೆಯು ಕೌಶಲಕ್ಕೆ ಸಲ್ಲುತ್ತದೆ, ಅರ್ಥಕ್ಕಲ್ಲ. ಟೆಲಿಟೆಕ್ಸ್ಟ್ ಗದ್ಯವು ಕಂದದ ಜಾತಿಗೆ ಸೇರಿದುದು. ಅದರ ಬಿಗಿಯನ್ನು ಓದುಗನು ಗಮನಿಸುವುದಿಲ್ಲ. ವಾರ್ತೆ ತಿಳಿಯಿತೆಂಬಷ್ಟನ್ನೇ ಗಮನಿಸುತ್ತಾನೆ. ಈ ಶಿಸ್ತಿನ ಬಾಳಿಕೆಗೆ ಒಂದು ಸಾಕ್ಷ್ಯವುಂಟು. ಬಿ.ಬಿ.ಸಿ.ಯ ಇಂಟರ್ನೆಟ್ ವಾರ್ತಾವಿಭಾಗವು ಬಂದ ಮೇಲೆ, ಅದರ ಬರಹಗಳ ಮೊದಲ ನಾಲ್ಕು ಕಂಡಿಕೆಗಳನ್ನೇ ಸೀಫ್ಯಾಕ್ಸ್ ಪುಟಕ್ಕೂ ಹೊಂದುವಂತೆ ಬರೆಯುವ ಪದ್ಧತಿ ಬೆಳೆಯಿತು. ತಲೆಬರಹಗಳನ್ನೂ ಮೂವತ್ತು ಚಿಲ್ಲರೆ ಅಕ್ಷರಗಳ ಮಿತಿಯಲ್ಲಿ ಕಟ್ಟಲಾಗುತ್ತಿತ್ತು. ಅಪರಿಮಿತ ಸ್ಥಳವಿದ್ದ ಹೊಸ ಮಾಧ್ಯಮವು ಹಳೆಯದರ ಅಳತೆಯನ್ನು ಬಹುಕಾಲ ಹೊತ್ತು ನಡೆಯಿತು.

ವಾರ್ತೆಯನ್ನು ಬಿಟ್ಟು ಬೇರೆ ರಚನೆಗಳೂ ಈ ಪುಟದಲ್ಲಿ ನಡೆದಿವೆ. ಆರಕಲ್ ಸೇವೆಯು ೧೯೮೮ರಿಂದ ೧೯೯೨ರ ಕೊನೆಯಲ್ಲಿ ತಾನು ಮುಚ್ಚುವ ವರೆಗೆ 'ಪಾರ್ಕ್ ಅವೆನ್ಯೂ' ಎಂಬ ಧಾರಾವಾಹಿ ಕತೆಯನ್ನು ಪುಟಗಳಲ್ಲಿಯೇ ನಡೆಸಿತು. ಪ್ರಕಾರದ ದೃಷ್ಟಿಯಿಂದ ಇದು ಕುತೂಹಲಕರವಾದರೂ, ಮಾಧ್ಯಮದ ನಿಜವಾದ ಸಾಧನೆಯನ್ನು ಕತೆಗಿಂತ ಹೆಚ್ಚಾಗಿ ೮೮೮ನೆಯ ಪುಟದಲ್ಲಿ ಹುಡುಕಬೇಕೆಂದು ನಮ್ಮ ಅಭಿಪ್ರಾಯ. ಕಾರ್ಯಕ್ರಮದ ಮಾತುಗಳು ಚಿತ್ರದ ಮೇಲೆಯೇ ಅಕ್ಷರಗಳಾಗಿ ಮೂಡುತ್ತಿದ್ದುದು ಆ ಸಂಖ್ಯೆಯಲ್ಲಿ. ಆಡಿದ ಮಾತನ್ನು ಓದುವ ವೇಗಕ್ಕೆ ಇಳಿಸಿ, ಆಡುವವನ ಧೋರಣೆ ಕೆಡದಂತೆ ಸಂಕ್ಷೇಪಿಸುವುದು ಸುಲಭದ ಕೆಲಸವಲ್ಲ. ಸೇವೆಯ ಮೂಲೋದ್ದೇಶವೂ ಅದೇ ಆಗಿತ್ತೆಂಬುದನ್ನು ಮೇಲೆ ಹೇಳಿದ್ದೇವೆ.

ಇನ್ನೊಂದು ಗುಣವೂ ಗಮನಾರ್ಹ. ಸೀಫ್ಯಾಕ್ಸ್ ಪ್ರಾರಂಭವಾದ ೧೯೭೪ರಲ್ಲಿಯೇ ಪ್ರಕಟವಾದ ತಮ್ಮ ಟೆಲಿವಿಷನ್ ಕುರಿತ ಗ್ರಂಥದಲ್ಲಿ ರೇಮಂಡ್ ವಿಲಿಯಮ್ಸ್ ಅವರು ಟೆಲಿವಿಷನ್ನಿನ ಮುಖ್ಯ ಲಕ್ಷಣ 'ಪ್ರವಾಹ' ಎಂದು ಪ್ರತಿಪಾದಿಸಿದರು. ಕಾರ್ಯಕ್ರಮಗಳು ಬಿಡಿಬಿಡಿಯಾಗಿರದೆ ಒಂದರೊಳಗೊಂದು ಹರಿದು ಪ್ರೇಕ್ಷಕನನ್ನು ಒಯ್ಯುತ್ತವೆಂಬುದು ಅವರ ಮತದ ಸಾರಾಂಶ. ಆ ಪ್ರವಾಹದ ಒಳಗೇ, ಅದರ ಬರಿದಾದ ಗೆರೆಗಳಲ್ಲಿ, ಟೆಲಿಟೆಕ್ಸ್ಟ್ ನಿಂತ ನೀರಾಗಿತ್ತು. ಅದನ್ನು ಓದುಗನು ತನ್ನ ಇಚ್ಛೆಯಿಂದ ತೆರೆಯುತ್ತಿದ್ದ, ಮುಗಿಸುತ್ತಿದ್ದ. ಅವನೇನು ಓದಿದನೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಏಕೆಂದರೆ ಅವನ ಪೆಟ್ಟಿಗೆಯಿಂದ ಕೇಂದ್ರಕ್ಕೆ ಹೋಗುವ ದಾರಿಯೇ ಇರಲಿಲ್ಲ. ೧೯೭೯ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯು ಆರಂಭಿಸಿದ 'ಪ್ರೆಸ್ಟೆಲ್' ಸೇವೆಯಲ್ಲಿ ಪುಟದ ರೂಪ ಹೀಗೆಯೇ ಇದ್ದರೂ ಅದು ಟೆಲಿಫೋನ್ ತಂತಿಯ ಮೂಲಕ ಬರುತ್ತಿತ್ತು. ಕೇಳಿದ ಪುಟವನ್ನು ಕೇಂದ್ರದ ಕಂಪ್ಯೂಟರೇ ಹುಡುಕಿ ಕಳುಹಿಸುತ್ತಿತ್ತು. ಟೆಲಿಟೆಕ್ಸ್ಟಿನ ಓದುಗನಾದರೋ ಗ್ರಂಥಭಂಡಾರದ ಕಪಾಟಿನ ಮುಂದೆ ಒಬ್ಬನೇ ನಿಂತವನಂತಿದ್ದ. ಇಂದು ಓದುಗನ ಪ್ರತಿಯೊಂದು ಚಲನೆಯನ್ನೂ ಎಣಿಸಿ ಅದಕ್ಕೆ ತಕ್ಕಂತೆ ವಾರ್ತೆಯನ್ನು ಬಡಿಸುವ ಪದ್ಧತಿ ಬೆಳೆದಿರುವುದರಿಂದ ಈ ಗುಣದ ಬೆಲೆಯನ್ನು ನಾವು ಹೆಚ್ಚು ಚೆನ್ನಾಗಿ ಅಳೆಯಬಲ್ಲೆವು. ಎಲ್ಲರಿಗೂ ಒಂದೇ ಪುಟ; ಆ ಪುಟಕ್ಕೆ ಓದುಗನ ಗುರುತಿಲ್ಲ.

೪

ಹೀಗೆಂದಮಾತ್ರಕ್ಕೆ ದೋಷಗಳನ್ನು ಮರೆಮಾಚಲಾಗದು. ಎಲ್ಲ ವಿಷಯಗಳಿಗೂ ಒಂದೇ ಅಳತೆಯ ಪುಟವೆಂಬುದು ಮೊದಲನೆಯ ದೋಷ. ಕಾಲ್ಚೆಂಡಾಟದ ಫಲಿತಾಂಶಕ್ಕೆ ಸಾಕಾಗುವ ೯೬೦ ಮನೆಗಳು ಒಂದು ರಾಜಕೀಯ ಒಪ್ಪಂದದ ವಿವರಕ್ಕೆ ಸಾಲವು. ಯಾರು, ಎಲ್ಲಿ, ಯಾವಾಗ, ಏನು ಎಂಬ ಪ್ರಶ್ನೆಗಳಿಗೆ ಪುಟವು ಚೆನ್ನಾಗಿ ಉತ್ತರಿಸುತ್ತದೆ. ಏಕೆ ಎಂಬುದಕ್ಕೆ ಬರುವಷ್ಟರಲ್ಲಿ ಸಾಲು ಮುಗಿದಿರುತ್ತದೆ. ಅಂಕಿಗಳಿಂದಲೇ ಪೂರ್ಣವಾಗುವ ವಿಷಯಗಳಲ್ಲಿ, ಎಂದರೆ ಕ್ರಿಕೆಟ್ಟಿನ ಓಟಗಳು, ಷೇರುಗಳ ದರ, ವಿಮಾನಗಳ ವೇಳೆ, ಹವಾಮಾನ ಮೊದಲಾದವುಗಳಲ್ಲಿ ಈ ಸೇವೆ ಸರಿಸಾಟಿಯಿಲ್ಲದೆ ನಡೆದುದಕ್ಕೆ ಕಾರಣವೂ ಇದೇ. ಉದ್ದವಾದ ಬರಹವನ್ನು ಒಂದೇ ಸಂಖ್ಯೆಯ ಕೆಳಗೆ ಹಲವು ಉಪಪುಟಗಳಾಗಿ ಒಡೆದು, ತಾವಾಗಿಯೇ ಬದಲಾಗುವಂತೆ ಮಾಡುತ್ತಿದ್ದರು. ಆಗ ಓದುಗನ ವೇಗವನ್ನು ಯಂತ್ರವು ನಿರ್ಣಯಿಸುತ್ತಿತ್ತು: ನಿಧಾನವಾಗಿ ಓದುವವನ ಕಣ್ಣೆದುರಿನಿಂದ ಪುಟ ಜಾರುತ್ತಿತ್ತು, ಬೇಗ ಓದುವವನು ಸುಮ್ಮನೆ ಕಾಯಬೇಕಾಗುತ್ತಿತ್ತು. ಪುಟವನ್ನು ತಡೆದು ನಿಲ್ಲಿಸುವ ಗುಂಡಿಯಿತ್ತು. ಆದರೆ ಅದು ರೋಗಕ್ಕೆ ಮದ್ದಲ್ಲ, ಉಪಶಮನ ಮಾತ್ರ.

ಎರಡನೆಯ ದೋಷ ಇದಕ್ಕಿಂತ ಗುರುತರವಾದುದು. ಈ ಪುಟಕ್ಕೆ ನಿನ್ನೆಯಿಲ್ಲ. ಹೊಸ ಪಾಠವು ಬಂದೊಡನೆ ಹಳೆಯದು ಅಳಿಯುತ್ತದೆ. ಏನನ್ನು ತಿದ್ದಿದರೆಂಬುದರ ಗುರುತು ಎಲ್ಲಿಯೂ ನಿಲ್ಲುವುದಿಲ್ಲ. ಬೆಳಗ್ಗೆ ಹೇಳಿದ್ದನ್ನು ಸಂಜೆ ಸದ್ದಿಲ್ಲದೆ ಬದಲಾಯಿಸಬಹುದು. ಮುದ್ರಿತ ಪತ್ರಿಕೆಯ ತಪ್ಪು ಅದರ ಪ್ರತಿಗಳಲ್ಲಿ ಉಳಿದು ಮರುದಿನದ ತಿದ್ದುಪಡಿಯನ್ನು ಬೇಡುತ್ತದೆ; ಇಲ್ಲಿ ತಪ್ಪೂ ತಿದ್ದುಪಡಿಯೂ ಒಟ್ಟಿಗೆ ಮಾಯವಾಗುತ್ತವೆ. ಸಂಪಾದಕರ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ಅವರ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಓದುಗನಿಗೆ ಸಾಧನವೇ ಇರಲಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ.

ಮೂರನೆಯದು ಲಿಪಿಯ ವಿಷಯ. ಒಂದು ಮನೆಗೆ ಒಂದು ಅಕ್ಷರವೆಂಬ ನಿಯಮವು ರೋಮನ್ ಲಿಪಿಗೆ ಸ್ವಾಭಾವಿಕ. ಏಳು ಬಿಟ್ಟುಗಳ ಸಂಕೇತದಲ್ಲಿ ತೊಂಬತ್ತಾರು ಅಕ್ಷರಚಿಹ್ನೆಗಳಿಗೆ ಅವಕಾಶವಿದ್ದು, ಯೂರೋಪಿನ ಭಾಷೆಗಳು ಒಂದೆರಡು ಚಿಹ್ನೆಗಳನ್ನು ಬದಲಾಯಿಸಿಕೊಂಡು ಅದರಲ್ಲಿ ಹೊಂದಿಕೊಂಡವು. ಸಾವಿರಾರು ಚಿತ್ರಾಕ್ಷರಗಳಿರುವ ಜಪಾನಿನಲ್ಲಿ ಈ ಮಾರ್ಗ ಸಾಗದು. ಅಲ್ಲಿ ೧೯೮೩ರಲ್ಲಿ ಪ್ರಾರಂಭವಾದ ಪ್ರಯೋಗದಲ್ಲಿ ಅಕ್ಷರದ ಸಂಕೇತಕ್ಕೆ ಬದಲಾಗಿ ಅದರ ಆಕಾರವನ್ನೇ ಬಿಂದುಗಳಾಗಿ ಕಳುಹಿಸಿದರು. ಭಾರತದಲ್ಲಿ ದೂರದರ್ಶನ ಸಂಸ್ಥೆಯು ೧೯೮೫ರಲ್ಲಿ ದಿಲ್ಲಿಯಿಂದ 'ಇನ್‌ಟೆಕ್ಸ್ಟ್' ಎಂಬ ಸೇವೆಯನ್ನು ಪ್ರಾರಂಭಿಸಿತು. ಆದರೆ ನಮ್ಮ ಲಿಪಿಗಳಿಗೆ ಆ ಪುಟವು ಹೇಳಿಮಾಡಿಸಿದ್ದಲ್ಲ. ಕನ್ನಡವನ್ನೇ ತೆಗೆದುಕೊಂಡರೆ, 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬಂಥ ನಿತ್ಯದ ಮಾತುಗಳಲ್ಲಿಯೂ ಮೂಲಾಕ್ಷರದ ಕೆಳಗೆ ಎರಡು ಒತ್ತುಗಳು ಇಳಿಯುತ್ತವೆ. ದೀರ್ಘದ ಚಿಹ್ನೆಯು ಅಕ್ಷರವನ್ನು ಪಕ್ಕಕ್ಕೆ ಹಿಗ್ಗಿಸುತ್ತದೆ. ಒಂದು ಸುತ್ತಿನಲ್ಲಿ ಹತ್ತು ಗೆರೆಗಳ ಎತ್ತರವಿರುವ ಒಂದು ಮನೆಯಲ್ಲಿ ಮೂಲಾಕ್ಷರವೇ ಇಕ್ಕಟ್ಟಾಗಿ ಕೂತಿರುವಾಗ ಒತ್ತಕ್ಷರಕ್ಕೆ ಜಾಗವೆಲ್ಲಿ? ಒತ್ತಿಗೆ ಇನ್ನೊಂದು ಸಾಲನ್ನು ಕೊಟ್ಟರೆ ಪುಟವು ಅರ್ಧಕ್ಕೆ ಇಳಿಯುತ್ತದೆ. ಮಿತಿಯು ಗದ್ಯವನ್ನು ಹದಗೊಳಿಸುತ್ತದೆಂದು ನಾವು ಮೇಲೆ ಹೇಳಿದುದು ನಿಜ; ಆದರೆ ಆ ಮಿತಿಯನ್ನು ಯಾರ ಅಕ್ಷರಕ್ಕೆ ಅಳತೆಮಾಡಿ ಕತ್ತರಿಸಿದರೆಂಬುದನ್ನೂ ಕೇಳಬೇಕು. ಒಬ್ಬರಿಗೆ ಶಿಸ್ತಾದುದು ಇನ್ನೊಬ್ಬರಿಗೆ ಬಹಿಷ್ಕಾರವಾಗಬಹುದು.

೫

ಪುಟಕ್ಕೆ ನಿನ್ನೆಯಿಲ್ಲವೆಂದೆವು. ಈ ದೋಷದ ಪರಿಣಾಮವಾಗಿ, ೨೦೧೨ನೆಯ ಅಕ್ಟೋಬರ್ ೨೩ರಂದು ಉತ್ತರ ಐರ್ಲೆಂಡಿನ ಹಳೆಯ ಪದ್ಧತಿಯ ಪ್ರಸಾರ ನಿಂತು ಸೀಫ್ಯಾಕ್ಸ್ ಮುಗಿದಾಗ, ಮೂವತ್ತೆಂಟು ವರ್ಷಗಳ ಆ ಬರಹದ ಪೂರ್ಣ ಸಂಗ್ರಹವು ಲೋಕಕ್ಕೆ ದೊರೆಯುವಂತಿರಲಿಲ್ಲ. ಲಕ್ಷಾಂತರ ಜನರು ದಿನವೂ ಓದುತ್ತಿದ್ದ ಗದ್ಯವು ಹೀಗೆ ಬಹುಮಟ್ಟಿಗೆ ನಷ್ಟವಾಯಿತು. ಅದರಲ್ಲಿ ಒಂದಂಶ ಮರಳಿ ದೊರೆತ ರೀತಿಯು ಗ್ರಂಥಸಂಪಾದನೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಗಮನಾರ್ಹವಾಗಿದೆ.

ಮನೆಗಳಲ್ಲಿ ಚಲಚ್ಚಿತ್ರವನ್ನೋ ಆಟವನ್ನೋ ವಿ.ಎಚ್.ಎಸ್. ವೀಡಿಯೊ ಸುರುಳಿಯಲ್ಲಿ ಹಿಡಿದಿಟ್ಟವರು, ತಮಗೆ ತಿಳಿಯದೆಯೇ, ಚಿತ್ರದ ಹಿಂದಿನ ಬರಿಯ ಗೆರೆಗಳನ್ನೂ ಹಿಡಿದಿಟ್ಟಿದ್ದರು. ಆದರೆ ಸೆಕೆಂಡಿಗೆ ಸುಮಾರು ೬೯ ಲಕ್ಷ ಬಿಟ್ಟುಗಳ ವೇಗದಲ್ಲಿ ಸಾಗುವ ಈ ಸಂಕೇತವನ್ನು ಸ್ಪಷ್ಟವಾಗಿ ಹಿಡಿಯುವ ಶಕ್ತಿ ಆ ಸುರುಳಿಗಳಿಗಿರಲಿಲ್ಲ. ಒಂದು ಬಿಟ್ಟು ಪಕ್ಕದ್ದರೊಡನೆ ಕಲಸಿಹೋಗಿ, ಸಾಮಾನ್ಯ ಪೆಟ್ಟಿಗೆಯಲ್ಲಿ ಅದು ಓದಲು ಬಾರದ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಆಸಕ್ತರಾದ ಕೆಲವರು ಕಂಪ್ಯೂಟರಿನ ನೆರವಿನಿಂದ ಇದನ್ನು ಬಿಡಿಸುವ ಮಾರ್ಗವನ್ನು ಕಂಡುಕೊಂಡರು. ಒಂದೇ ಪುಟವು ಸುತ್ತುಸುತ್ತಿಗೂ ಮತ್ತೆ ಬರುವುದರಿಂದ ಒಂದು ಸುರುಳಿಯಲ್ಲಿ ಅದರ ಹತ್ತಾರು ಪ್ರತಿಗಳು ದೊರೆಯುತ್ತವೆ. ಒಂದೊಂದು ಪ್ರತಿಯೂ ಒಂದೊಂದು ಕಡೆ ಕೆಟ್ಟಿರುತ್ತದೆ. ಅವುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಹೋಲಿಸಿ, ಪ್ರತಿ ಮನೆಗೂ ಸಂಭಾವ್ಯವಾದ ಅಕ್ಷರವನ್ನು ನಿರ್ಣಯಿಸಿದರೆ ಮೂಲದ ಪುಟವು ಎದ್ದು ಬರುತ್ತದೆ.

ಇದು ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಧರಿಸುವ ಕಾರ್ಯವೇ ಅಲ್ಲವೆ? ಸಮಸ್ಯೆಗಳೂ ಅವೇ. ಹೆಚ್ಚು ಪ್ರತಿಗಳಲ್ಲಿ ದೊರೆಯುವ ಪಾಠವೇ ಮೂಲಪಾಠವೆಂದು ಹೇಳಲಾಗದೆಂಬುದು ನಮ್ಮ ಸಂಪಾದಕರಿಗೆ ಸುವಿದಿತ. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಒಂದೇ ತಪ್ಪನ್ನು ಹತ್ತು ಸಲ ಹೇಳುತ್ತವೆ. ಟೆಲಿಟೆಕ್ಸ್ಟಿನಲ್ಲಿ ಗಾಳಿಯ ಅಡಚಣೆಯಿಂದಾದ ತಪ್ಪು ಒಂದೊಂದು ಸುತ್ತಿನಲ್ಲಿ ಒಂದೊಂದು ಕಡೆ ಬೀಳುವುದರಿಂದ ಬಹುಮತವು ಅದನ್ನು ಕಳೆಯಬಲ್ಲದು. ಸುರುಳಿಯ ದೌರ್ಬಲ್ಯದಿಂದಾದ ತಪ್ಪು ಹಾಗಲ್ಲ. ಒಂದೇ ಅಕ್ಷರಸರಣಿಯು ಪ್ರತಿಸಲವೂ ಒಂದೇ ರೀತಿ ಕಲಸಿಹೋಗುತ್ತದೆ. ಅಲ್ಲಿ ಎಣಿಕೆ ಸಾಲದು. ಯಾವ ಅಕ್ಷರ ಹೇಗೆ ಕೆಡುತ್ತದೆಂಬ ಜ್ಞಾನ ಬೇಕು. ಲಿಪಿಕಾರನ ಕೈಯ ಅಭ್ಯಾಸವನ್ನು ತಿಳಿದು ಅವನ ತಪ್ಪನ್ನು ಊಹಿಸುವ ಸಂಪಾದಕನ ಜ್ಞಾನವೂ ಇಂಥದೇ. ಇದರ ಮೇಲೆ, ಸುರುಳಿ ಓಡುತ್ತಿದ್ದಾಗಲೇ ಸಂಪಾದಕರು ಪುಟವನ್ನು ಬದಲಾಯಿಸಿದ್ದರೆ ಅಲ್ಲಿ ಎರಡು ಪಾಠಗಳಿರುತ್ತವೆ. ಇವುಗಳಲ್ಲಿ ಲಿಪಿದೋಷ ಯಾವುದು, ನಿಜವಾದ ಪಾಠಾಂತರ ಯಾವುದು ಎಂದು ವಿವೇಚಿಸದೆ ಎರಡನ್ನೂ ಬೆರಸಿದರೆ, ಎಂದೂ ಬಿತ್ತರವಾಗದ ಮೂರನೆಯ ಪುಟವೊಂದು ಸೃಷ್ಟಿಯಾದೀತು. ಮಿಶ್ರಪಾಠದ ಅಪಾಯವನ್ನು ಹಸ್ತಪ್ರತಿಗಳಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ನಮ್ಮ ಮೂಲ ಪ್ರತಿಪಾದನೆಗೆ ಬಲ ಬರುತ್ತದೆ. ಕಾಯುವಿಕೆಗೆ ಕಾರಣವಾಗಿ ಓದುಗನನ್ನು ಬೇಸರಪಡಿಸುತ್ತಿದ್ದ ಆವರ್ತನೆಯೇ ಪುಟವನ್ನು ಮತ್ತೆ ಕಟ್ಟಲು ಬೇಕಾದಷ್ಟು ಪ್ರತಿಗಳನ್ನು ಒದಗಿಸಿತು. ಹಳೆಯದನ್ನು ಅಳಿಸಿದ ನಿಯಮವೂ ಉಳಿಸಿದ ನಿಯಮವೂ ಒಂದೇ. ಆದರೆ ಹೀಗೆ ಉಳಿದುದರ ಆಯ್ಕೆ ಆಕಸ್ಮಿಕವಾದುದು. ಜನರು ಏನನ್ನು ನೋಡಬೇಕೆಂದು ಸುರುಳಿಯಲ್ಲಿ ಹಿಡಿದರೋ ಆ ದಿನದ, ಆ ಗಂಟೆಯ ಪುಟಗಳು ಉಳಿದಿವೆ. ಉಳಿದ ದಿನಗಳು ಇಲ್ಲ. ಈ ಸಂಗ್ರಹದಿಂದ ಸೇವೆಯ ಸಮಗ್ರ ಸ್ವರೂಪವನ್ನು ಊಹಿಸುವವರು ಈ ಎಚ್ಚರಿಕೆಯನ್ನು ಮರೆಯಬಾರದು.

೬

ಒಟ್ಟಿನಲ್ಲಿ ಹೇಳುವುದಾದರೆ, ಟೆಲಿಟೆಕ್ಸ್ಟ್ ಇಂಟರ್ನೆಟ್ಟಿನ ಅಪೂರ್ಣ ಕರಡಲ್ಲ. ಬೇರೆ ನಿಯಮಗಳಿಗೆ ಒಳಪಟ್ಟ ಬೇರೊಂದು ಬರಹ. ಅದು ಸರ್ವತ್ರ ಅಳಿದುಹೋಗಿಯೂ ಇಲ್ಲ. ನೆದರ್ಲೆಂಡ್ಸಿನಲ್ಲಿ ೧೯೮೦ರಲ್ಲಿ ಪ್ರಾರಂಭವಾದ ಸೇವೆಯು ಇಂದಿಗೂ ನಡೆಯುತ್ತಿದೆ. ಅಲ್ಲಿಯ ಜನ ಅದೇ ಬಣ್ಣದ ಪುಟಗಳನ್ನು ಮೊಬೈಲ್ ಫೋನಿನಲ್ಲಿ ತೆರೆದು ಓದುತ್ತಾರೆ. ಸ್ಥಳದ ಅಭಾವವೇ ಇಲ್ಲದ ಯಂತ್ರದಲ್ಲಿಯೂ ಓದುಗರು ಇಕ್ಕಟ್ಟಿನ ಪುಟವನ್ನು ಅಪೇಕ್ಷಿಸುತ್ತಾರೆಂಬುದು ಕೇವಲ ಹಳೆಯದರ ಮೋಹವಾಗಲಾರದು. ಮುಗಿಯುವ ವಾರ್ತೆ, ಎಲ್ಲರಿಗೂ ಒಂದೇ ಆದ ವಾರ್ತೆ, ಓದುಗನನ್ನು ಹಿಂಬಾಲಿಸದ ವಾರ್ತೆ ಅವರಿಗೆ ಬೇಕಾಗಿದೆಯೆಂದು ಇದನ್ನು ಅರ್ಥಮಾಡುವುದು ಯುಕ್ತ.

ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕ್ಷೇತ್ರದಲ್ಲಿ ಮಾಡಬಹುದಾದ ಕೆಲಸ ಎರಡು ಬಗೆಯದು. ಹತ್ತಿರದ ಕಾಲದ ಇಂಥ ಕ್ಷಣಿಕ ಬರಹಗಳನ್ನು, ರೈಲ್ವೆ ನಿಲ್ದಾಣದ ಫಲಕದಿಂದ ಹಿಡಿದು ಮೊಬೈಲ್ ಫೋನಿಗೆ ಬರುವ ಕಿರುಸಂದೇಶದ ವರೆಗೆ, ಗದ್ಯಪ್ರಕಾರಗಳೆಂದು ಓದಿ ಅವುಗಳ ಲಕ್ಷಣವನ್ನು ನಿರ್ಣಯಿಸುವುದು ಒಂದು. ಅವು ಅಳಿಯುವ ಮೊದಲೇ ಉಳಿಸುವ, ಅಳಿದ ಮೇಲೆ ಕ್ರಮವಾಗಿ ಸಂಪಾದಿಸುವ ಶಾಸ್ತ್ರವನ್ನು ಬೆಳೆಸುವುದು ಇನ್ನೊಂದು. ಓಲೆಗರಿಗಳ ಅಭ್ಯಾಸದಿಂದ ಈ ಶಾಸ್ತ್ರದ ಅಡಿಗಟ್ಟು ನಮ್ಮಲ್ಲಿ ಆಗಲೇ ಇದೆ. ಅದನ್ನು ಹೊಸ ಸಾಮಗ್ರಿಗೆ ಅನ್ವಯಿಸುವ ಕೆಲಸ ಇನ್ನು ಮುಂದೆ ನಡೆಯಬೇಕಾಗಿದೆ.